ಲೈಟ್ ಹಚ್ರಿ ಸರ

"ಲೈಟ್ ಹಚ್ರಿ ಸರ. ಕತ್ತಲದಾಗ ಕಣ್ಣು ತಾನ ಮುಚ್ಚಾಕತ್ತಾವು."

ಪುಣೆಯ ಭೋಸರಿಯಲ್ಲಿ ನಾನು ಸಂಜೆ ಕ್ಲಾಸು ತೆಗೆದುಕೊಂಡ ಮೊದಲ ದಿನ, ಇಪ್ಪತ್ತನೇ ಸ್ಲೈಡ್ ಹತ್ತಿರ ಇದ್ದಾಗ ಹಿಂದಿನ ಬೆಂಚಿನಿಂದ ಬಂದ ಮಾತಿದು. ಹೇಳಿದವರು ಅಫಜಲಪುರ ಕಡೆಯ ಒಬ್ಬ ಕಾಕಾ. ವಯಸ್ಸು ನಲವತ್ತೈದು ದಾಟಿದೆ. ಬೆಳಿಗ್ಗೆ ಏಳಕ್ಕೆ ಕಂಪನಿಯ ಮೊದಲ ಪಾಳಿ, ಮಧ್ಯಾಹ್ನ ಮನೆಯಲ್ಲಿ ಎರಡು ತುತ್ತು ರೊಟ್ಟಿ, ಸಂಜೆ ಏಳಕ್ಕೆ ನಮ್ಮಲ್ಲಿ ವೈರ್‌ಮನ್ ಕೆಲಸ ಕಲಿಯಲು ಹಾಜರು. ಅವರ ಮಾತಿನಲ್ಲಿ ಕೊಂಕು ಇರಲಿಲ್ಲ. ಆದರೂ ನನಗೆ ಚುಚ್ಚಿತು. ಎರಡು ರಾತ್ರಿ ನಿದ್ದೆಗೆಟ್ಟು 62 ಸ್ಲೈಡ್ ಮಾಡಿಕೊಂಡು ಬಂದಿದ್ದೆ. ಕರೆಂಟು ಹರಿಯುವ ದಾರಿಗೆಲ್ಲ ಕೆಂಪು ಬಾಣ ಓಡುವ ಹಾಗೆ ಜೋಡಿಸಿದ್ದೆ. ಲೈಟ್ ಹಾಕಿದೆ. ಪರದೆಯ ಮೇಲಿದ್ದುದೆಲ್ಲ ಬಿಳಚಿಕೊಂಡು, ಬಾಣ ಕಾಣದೇ ಹೋಯಿತು.

ಊರ ಕಡೆ ಇದ್ದಾಗ ನಾನು ಕಲಿತಿದ್ದೇ ಹಾಗೆ. ಶಿಕ್ಷಕರ ಒಂದು ತರಬೇತಿಯಲ್ಲಿ ದೊಡ್ಡ ತ್ರಿಕೋನದ ಚಿತ್ರ ತೋರಿಸಿ, ಓದಿದ್ದರಲ್ಲಿ ಶೇ 10 ನೆನಪಿರುತ್ತದೆ, ಕೇಳಿದ್ದರಲ್ಲಿ ಶೇ 20, ನೋಡಿದ್ದರಲ್ಲಿ ಶೇ 30 ಎಂದು ಹೇಳಿಕೊಟ್ಟಿದ್ದರು. ಅದನ್ನು ವೇದವಾಕ್ಯ ಅಂದುಕೊಂಡಿದ್ದೆ. ಆ ತ್ರಿಕೋನದ ಮೂಲ, ಎಡ್ಗರ್ ಡೇಲ್ ಎಂಬ ಅಮೆರಿಕದ ಪ್ರಾಧ್ಯಾಪಕರು 1946ರಲ್ಲಿ ಬರೆದ 'ಅನುಭವದ ಶಂಕು'. ಅದರಲ್ಲಿ ಶೇಕಡಾವಾರು ಲೆಕ್ಕವೇ ಇರಲಿಲ್ಲ, ಅಂಕಿಗಳನ್ನು ಆಮೇಲೆ ಬೇರೆಯವರು ಅಂಟಿಸಿದರು ಎಂದು ಗೊತ್ತಾಗಿದ್ದು ಬಹಳ ತಡವಾಗಿ. ಅವರು ಶಂಕುವಿನ ಬುಡದಲ್ಲಿ ಇಟ್ಟಿದ್ದು ಕೈಯಾರೆ ಮಾಡಿದ ಅನುಭವವನ್ನು. ನಮಗೆ ಕಲಿಸಿದವರು ಬುಡ ಬಿಟ್ಟು ಅಂಕಿ ಹಿಡಿದುಕೊಂಡಿದ್ದರು.

ಭೋಸರಿಯ ನಮ್ಮ ಕೇಂದ್ರದಲ್ಲಿ ಹಿರಿಯ ಮಾಸ್ತರೊಬ್ಬರಿದ್ದಾರೆ, ಮರಾಠಿಯವರು. ನನ್ನ ಪೆಚ್ಚು ಮೋರೆ ನೋಡಿ ಏನೂ ಹೇಳಲಿಲ್ಲ. ಮರುದಿನ "ಚಲಾ, ಭಂಗಾರ್ ಬಘೂಯಾ" ಎಂದು ಕರೆದುಕೊಂಡು ಹೊರಟರು. ಇಲ್ಲಿ ಭಂಗಾರ್ ಅಂದರೆ ಗುಜರಿ. ಪುಣೆಗೆ ಬಂದು ಎರಡು ವರ್ಷವಾಗಿದ್ದರೂ ಆ ಪದ ಕಿವಿಗೆ ಬಿದ್ದಾಗ ನನ್ನ ಮನಸ್ಸು ಮೊದಲು ಚಿನ್ನದ ಕಡೆಗೇ ಹೋಗುತ್ತದೆ. ಅವತ್ತು ಗೋಣಿಚೀಲದಲ್ಲಿ ತುಂಬಿಕೊಂಡು ತಂದದ್ದು ಇಷ್ಟು: ಪಾಯಿಂಟು ಕರಗಿದ ಎರಡು ಕಾಂಟ್ಯಾಕ್ಟರ್ (ಮೋಟರಿನ ಕರೆಂಟು ಹಾಕಿ ತೆಗೆಯುವ ಸ್ವಿಚ್ಚು), ಕಪ್ಪಿಟ್ಟ ಒಂದು ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್ಚು), ಇಲಿ ಕಡಿದ ಕೇಬಲ್ ತುಂಡು, ಸುಟ್ಟ ಮೋಟರಿನ ಒಂದು ಸ್ಟೇಟರ್ (ತಂತಿಯ ಸುರುಳಿಗಳಿರುವ, ತಿರುಗದ ಹೊರಭಾಗ). ಎಲ್ಲವನ್ನೂ ತೂಕದ ಲೆಕ್ಕದಲ್ಲಿ ಕೊಂಡದ್ದು.

ಆ ಸ್ಟೇಟರನ್ನು ಮಾಸ್ತರರು ಮೇಜಿನ ಮೇಲಿಟ್ಟು ವಿವರಿಸಲಿಲ್ಲ. ಕೈಯಿಂದ ಕೈಗೆ ದಾಟಿಸಿದರು. ಎರಡೂ ಕೈ ಕೊಟ್ಟು ಹಿಡಿಯಬೇಕಾದಷ್ಟು ಭಾರ, ಸುಟ್ಟ ವಾರ್ನಿಷ್ಷಿನ ಕಮಟು ಇನ್ನೂ ಹೋಗಿರಲಿಲ್ಲ. ಒಳಗೆ ಸುತ್ತಲೂ ಕಾಯಿಲ್ ಗುಂಪುಗಳು. ಎರಡು ಗುಂಪು ಇದ್ದಿಲ ಹಾಗೆ ಕರಿ, ಮೂರನೆಯದು ನಿನ್ನೆ ಸುತ್ತಿದ ಹಾಗೆ ಕೆಂಪಗೆ. ಮತ್ತೆ ಎರಡು ಕರಿ, ಒಂದು ಕೆಂಪು. ಸುತ್ತೆಲ್ಲ ಹಾಗೇ. "ಎಷ್ಟು ಸುಟ್ಟಿವೆ, ಎಷ್ಟು ಉಳಿದಿವೆ, ಎಣಿಸಿ" ಅಂದದ್ದು ಬಿಟ್ಟರೆ ಮಾಸ್ತರರು ಮತ್ತೇನೂ ಹೇಳಲಿಲ್ಲ. ಜನ ಬೆರಳಿಟ್ಟು ಎಣಿಸಿದರು, ಬೆರಳಿಗೆ ಮಸಿ ಮೆತ್ತಿತು. ಮೂರರಲ್ಲಿ ಎರಡು ಪಾಲು ಸುಟ್ಟಿತ್ತು. ಯಾಕೆ ಎಂದು ಅವರವರೇ ಜಗಳಾಡಿದ ಮೇಲೆ ಉತ್ತರ ಬಂತು. ಸ್ಟಾರ್ ಜೋಡಣೆಯ ಮೋಟರು, ಅಂದರೆ ಮೂರೂ ಫೇಸಿನ ಕಾಯಿಲುಗಳ ಒಂದೊಂದು ತುದಿ ಒಂದೇ ಕಡೆ ಸೇರಿದ್ದು. ಮೂರು ಫೇಸಿನಲ್ಲಿ ಒಂದು ಹೋಗಿದೆ. ಹೋದ ಫೇಸಿನ ಕಾಯಿಲಿಗೆ ಕರೆಂಟೇ ಇಲ್ಲ, ಅದಕ್ಕೇ ಅದು ಹಸನಾಗಿ ಉಳಿದಿದೆ. ಉಳಿದೆರಡು ಇಡೀ ಭಾರ ಹೊತ್ತು ಸುಟ್ಟಿವೆ. ಕಾಯಿಲುಗಳನ್ನು ತ್ರಿಕೋನದ ಹಾಗೆ ಜೋಡಿಸುವ ಡೆಲ್ಟಾ ಆಗಿದ್ದರೆ ಒಂದು ಸುಟ್ಟು ಎರಡು ಉಳಿಯುತ್ತಿದ್ದವು.

ಅಫಜಲಪುರದ ಕಾಕಾ ಸ್ಟೇಟರನ್ನು ಮುಂದಿನವರಿಗೆ ಕೊಡಲೇ ಇಲ್ಲ. ತೊಡೆಯ ಮೇಲಿಟ್ಟುಕೊಂಡು ಕುಳಿತುಬಿಟ್ಟರು. "ನಮ್ಮ ಬಾವಿ ಮೋಟರ್ ಮೂರು ಸಲ ಹಿಂಗ ಸುಟ್ಟೈತ್ರಿ ಸರ. ಇದ ನಮೂನಿ, ಎರಡು ಕರಿ ಒಂದು ಕೆಂಪು. ರಿವೈಂಡಿಂಗ್ ಮಾಡಾಂವ ನೀರು ಕಡಿಮಿ ಆಗಿ ಸುಟ್ಟೈತಿ ಅಂತ ಹೇಳ್ತಿದ್ದ, ನಾ ರೊಕ್ಕ ಕೊಟ್ಟು ಬರ್ತಿದ್ದೆ." ಆಮೇಲೆ ಕೇಳಿದರು, "ಹಂಗಾರ ಇದನ್ನ ತಡಿಯೂದು ಹೆಂಗ?" ಒಂಬತ್ತಕ್ಕೆ ಮುಗಿಯಬೇಕಾದ ಕ್ಲಾಸು ಹತ್ತರವರೆಗೆ ನಡೆಯಿತು. ಫೇಸ್ ಹೋದರೆ ಮೋಟರನ್ನು ತಾನಾಗಿ ನಿಲ್ಲಿಸುವ ಪ್ರಿವೆಂಟರ್ ಬಗ್ಗೆ ನಾನು ಇನ್ನೂ ಎರಡು ವಾರದ ನಂತರ ಹೇಳುವವನಿದ್ದೆ. ನನ್ನ ಸ್ಲೈಡುಗಳಲ್ಲಿ ಸಿಂಗಲ್ ಫೇಸಿಂಗ್, ಅಂದರೆ ಹೀಗೆ ಒಂದು ಫೇಸ್ ಹೋಗುವುದು, 41ನೆಯದು, ನಾಲ್ಕು ಸಾಲು.

ಈ ಬೇಸಿಗೆಯಲ್ಲಿ ಜಾತ್ರೆಗೆಂದು ವಿಜಾಪುರ ಜಿಲ್ಲೆಯ ಇಂಡಿಗೆ ಹೋಗಿದ್ದೆ. ನಮ್ಮ ಜಿಲ್ಲೆಯ ಒಂದು ತರಬೇತಿ ಕೇಂದ್ರದಲ್ಲಿ ಗೆಳೆಯ ಕಲಿಸುತ್ತಾನೆ, ಬಾ ನೋಡು ಅಂದ. ಗೋಡೆಯ ತುಂಬ ಹೊಸ ಸ್ಮಾರ್ಟ್ ಬೋರ್ಡು, ಅಂಚಿನ ಪ್ಲಾಸ್ಟಿಕ್ಕನ್ನು ಇನ್ನೂ ಕಿತ್ತಿರಲಿಲ್ಲ. ಅದರಲ್ಲಿ ಮೋಟರಿನ ವಿಡಿಯೋ ಓಡುತ್ತಿತ್ತು, ಅದೂ ಹಿಂದಿಯಲ್ಲಿ. ಹೊಲದ ಕೆಲಸ, ಗ್ಯಾರೇಜಿನ ಕೆಲಸ ಬಿಟ್ಟು ಬಂದ ಇಪ್ಪತ್ತು ಜನ ಕೈಕಟ್ಟಿ ಕುಳಿತಿದ್ದರು. ಎಷ್ಟೋ ಜನರ ಕಣ್ಣು ಕಿಟಕಿಯ ಹೊರಗಿತ್ತು. ಪಕ್ಕದ ಕೋಣೆಯಲ್ಲಿ ಬಿಚ್ಚಿ ಜೋಡಿಸಬಹುದಾದ ಮೋಟರು ಇತ್ತು. ಕೋಣೆಗೆ ಬೀಗ. ಕೀಲಿ ಇಟ್ಟುಕೊಂಡವರು ರಜೆಯಲ್ಲಿದ್ದರು.

ಸಿಟ್ಟು ಬಂತು. ಈಗಲೂ ಇದೆ. ನಮ್ಮ ಕಡೆ ಪಾಠದ ಸಾಧನವನ್ನು ಕೊಳ್ಳುತ್ತಾರೆ, ಇಲ್ಲಿ ಭೋಸರಿಯಲ್ಲಿ ಆಯ್ದುಕೊಳ್ಳುತ್ತಾರೆ. ಕೊಳ್ಳುವವರು ಯಾವ ಕಂಪನಿಯ ಬೋರ್ಡು, ಎಷ್ಟು ಇಂಚು ಎಂದು ಕೇಳುತ್ತಾರೆ. ನಮ್ಮ ಮಾಸ್ತರರು ಕೇಳುವ ಪ್ರಶ್ನೆ ಬೇರೆ: ಇವತ್ತು ಎದುರಿಗೆ ಕೂರುವವರು ಎಲ್ಲಿಂದ ದಣಿದು ಬಂದಿದ್ದಾರೆ, ಅವರ ಕೈ ಈಗಾಗಲೇ ಏನು ಬಲ್ಲದು? ದೊಡ್ಡವರಿಗೆ ಕಲಿಸುವುದೆಂದರೆ ಖಾಲಿ ಪಾಟಿಯ ಮೇಲೆ ಬರೆದಂತಲ್ಲ. ಆ ಕಾಕಾನ ತಲೆಯಲ್ಲಿ ಮೂರು ಸುಟ್ಟ ಮೋಟರು ಮೊದಲೇ ಇದ್ದವು. ಅವನ್ನು ಹೊರಗೆ ತರುವ ವಸ್ತು ಬೇಕಿತ್ತು, ಅಷ್ಟೆ.

ಇದು ನಮ್ಮ ಕಡೆಯವರಿಗೆ ಗೊತ್ತಿಲ್ಲದ ಸಂಗತಿಯೂ ಅಲ್ಲ. 1975ರ ಆಗಸ್ಟಿನಿಂದ ಒಂದು ವರ್ಷ, ಅಮೆರಿಕದ ಉಪಗ್ರಹವೊಂದನ್ನು ಎರವಲು ಪಡೆದು ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟಿವಿ ಮುಟ್ಟಿಸಿದ 'ಸೈಟ್' (SITE) ಎಂಬ ಟಿವಿ ಬೋಧನೆಯ ಪ್ರಯೋಗದಲ್ಲಿ ವಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳೂ ಇದ್ದವು. ಸಂಜೆ ಕನ್ನಡದಲ್ಲೇ ಬೇಸಾಯದ ಕಾರ್ಯಕ್ರಮ ಬರುತ್ತಿತ್ತು. ಟಿವಿ ಆರಿದ ಮೇಲೆ ಬೀಜದ ವಿಷಯಕ್ಕೆ ಕಟ್ಟೆಯ ಮೇಲೆ ನಡುರಾತ್ರಿವರೆಗೆ ವಾದ ನಡೆಯುತ್ತಿತ್ತು ಎಂದು ಅಪ್ಪ ಹೇಳುತ್ತಿದ್ದರು. ಅವತ್ತು ತಮ್ಮ ಮಾತು ಪೆಟ್ಟಿಗೆಯಿಂದ ಬಂತು, ಮರುದಿನ ಬೆಳಿಗ್ಗೆ ತಮ್ಮ ಹೊಲ ಕಣ್ಣೆದುರಿಗಿತ್ತು. ಐವತ್ತು ವರ್ಷದ ನಂತರ ಅದೇ ಜಿಲ್ಲೆಯಲ್ಲಿ ಹಿಂದಿ ವಿಡಿಯೋ ಹಾಕಿ, ಮೋಟರಿಗೆ ಬೀಗ ಜಡಿದಿದ್ದಾರೆ.

ಇಷ್ಟು ಬರೆದ ಮೇಲೆ ಕೆಲವನ್ನು ಒಪ್ಪಿಕೊಳ್ಳಲೇಬೇಕು. ಗುಜರಿ ಚೀಲದಿಂದ ಎಲ್ಲವೂ ಆಗುವುದಿಲ್ಲ. ಮೂರು ಫೇಸು ಸೇರಿ ಮೋಟರಿನೊಳಗೆ ಕಾಂತಕ್ಷೇತ್ರ ತಿರುಗುವುದನ್ನು ಯಾವ ಸ್ಟೇಟರ್ ಮುಟ್ಟಿದರೂ ತಿಳಿಯದು. 50 ಹರ್ಟ್ಸಿನಲ್ಲಿ 4 ಪೋಲಿನ (ನಾಲ್ಕು ಕಾಂತಧ್ರುವದ) ಮೋಟರಿನಲ್ಲಿ ಆ ಕ್ಷೇತ್ರ ನಿಮಿಷಕ್ಕೆ 1500 ಸುತ್ತು ಎಂದು ಬೋರ್ಡಿನ ಮೇಲೆ ಎಷ್ಟು ಸಲ ಬರೆದರೂ ಜನ ತಲೆಯಾಡಿಸಿ ಸುಮ್ಮನಾದರು. ಕೊನೆಗೆ ಮೊಬೈಲಿನಲ್ಲಿ ಎರಡು ನಿಮಿಷದ ಅನಿಮೇಷನ್ ತೋರಿಸಿದೆ, ಮಾತಿಲ್ಲದ್ದು. ಮಾಸ್ತರರೇ ಬಗ್ಗಿ ಎರಡು ಸಲ ನೋಡಿದರು. ಈಗ ನಾನು ಕ್ಲಾಸಿನ ಗುಂಪಿಗೆ ಕನ್ನಡದಲ್ಲೊಂದು, ಮರಾಠಿಯಲ್ಲೊಂದು ಧ್ವನಿ ಸಂದೇಶವನ್ನೂ ಕಳಿಸುತ್ತೇನೆ. ಕಂಪನಿ ಬಸ್ಸಿನಲ್ಲಿ ಕೇಳಿಕೊಂಡು ಹೋಗುತ್ತಾರೆ.

ಆ ಬೀಗದ ವಿಷಯವೂ ಇದೆ. ಗೆಳೆಯ ಸೋಮಾರಿಯಲ್ಲ. ಡೆಡ್ ಸ್ಟಾಕ್ ರಿಜಿಸ್ಟರಿನಲ್ಲಿ, ಅಂದರೆ ಕೇಂದ್ರದ ಸಾಮಾನಿನ ಲೆಕ್ಕದ ಪುಸ್ತಕದಲ್ಲಿ, ಮೋಟರು ಯಾರ ಹೆಸರಿಗಿದೆಯೋ, ಒಂದು ಬೋಲ್ಟು ಕಳೆದರೂ ಆಡಿಟ್ ಬಂದಾಗ ಅವರೇ ಉತ್ತರ ಕೊಡಬೇಕು. ನಮ್ಮ ಮಾಸ್ತರರ ಚೀಲಕ್ಕೆ ಆಡಿಟ್ ಇಲ್ಲ. ಅಲ್ಲಿ ಕಲಿಸುವ ಅವಕಾಶ ಸಿಕ್ಕಾಗ ಗೆಳೆಯ ಕರೆಂಟನ್ನು ಕಾಲುವೆಯ ನೀರಿಗೆ ಹೋಲಿಸಿ, ತೂಬು, ಇಳಿಜಾರು ಎಂದೆಲ್ಲ ಹೇಳುವಾಗ ಕಿಟಕಿಯ ಹೊರಗೆ ಹೋದ ಕಣ್ಣುಗಳು ಒಳಗೆ ಬಂದಿದ್ದನ್ನು ನಾನೇ ನೋಡಿದ್ದೇನೆ. ಆ ಕನ್ನಡ ನನಗೆ ಇಲ್ಲಿ ದಿನಾ ಸಿಗುವುದಿಲ್ಲ.

ಮುಂದಿನ ತಿಂಗಳು ಊರಿಗೆ ಹೊರಟಿದ್ದೇನೆ. ಒಂದು ಸುಟ್ಟ ಸ್ಟೇಟರು, ನಾಲ್ಕು ಕಾಂಟ್ಯಾಕ್ಟರು ಚೀಲದಲ್ಲಿ ಕಟ್ಟಿಟ್ಟಿದ್ದೇನೆ. ಫೋನಿನಲ್ಲಿ ಗೆಳೆಯ ಖುಷಿಪಟ್ಟ, ಆಮೇಲೆ ಅನುಮಾನದಿಂದ ಕೇಳಿದ, "ಇದನ್ನ ರಿಜಿಸ್ಟರ್‌ನಾಗ ಏನಂತ ಬರೀಲೋ?"

"ಬರೀಬ್ಯಾಡಲೇ" ಅಂದೆ.