ಹಾಡಿಗೆ ಚಪ್ಪಾಳೆ, ಅಡುಗೆಗೆ ಅಲ್ಲ

ಜೋರು ಸದ್ದಿನಲ್ಲಿ ನಾಲಿಗೆಗೆ ರುಚಿ ಸರಿಯಾಗಿ ತಿಳಿಯುವುದಿಲ್ಲ, ಹಾಗಾಗಿ ಸಂಗೀತದ ಬಾರ್‌ಗಳ ಅಡುಗೆಯನ್ನು ದೂರಬಾರದು ಎಂದು ಲೇಖಕರೊಬ್ಬರು ಬರೆದಿದ್ದಾರೆ. ಅರ್ಧ ಒಪ್ಪುತ್ತೇನೆ. ಗದ್ದಲದಲ್ಲಿ ಉಪ್ಪು, ಸಿಹಿ ಮಂಕಾಗುತ್ತವೆ ಎಂದು 2010ರ ಒಂದು ಅಧ್ಯಯನ ತೋರಿಸಿದ್ದು ನಿಜ. ಆದರೆ ಅದೇ ಅಧ್ಯಯನದಲ್ಲಿ ಗರಿಗರಿ ತಿನಿಸು ಇನ್ನಷ್ಟು ಗರಿಗರಿ ಎನ್ನಿಸಿತ್ತು! ಕಳೆದ ವಾರ ನಾವು ಹೋಗಿದ್ದ ದುಬಾರಿ ಬಾರ್‌ನಲ್ಲಿ ಬಂದ ಫ್ರೆಂಚ್ ಫ್ರೈಸ್ ಎತ್ತಿ ಹಿಡಿದರೆ ನೆನೆದ ಬತ್ತಿಯಂತೆ ಬಾಗುತ್ತಿತ್ತು. ಕರಿದದ್ದನ್ನು ಬಿಸಿಯಲ್ಲೇ ಮುಚ್ಚಿಟ್ಟರೆ ಹಬೆ ಅದರ ಮೇಲೆಯೇ ಕೂರುತ್ತದೆ. ಪಾಪ, ಇದರಲ್ಲಿ ಡ್ರಮ್ಮಿನ ತಪ್ಪೇನು?

ಸಂಗೀತ ಮಾತ್ರ ಸೊಗಸಾಗಿತ್ತು, ಸುಳ್ಳು ಹೇಳಲಾರೆ. ಸ್ಯಾಕ್ಸೋಫೋನ್ ನುಡಿಸುವಾತ ಕಣ್ಣು ಮುಚ್ಚಿ ಒಂದೇ ಸ್ವರವನ್ನು ಎಳೆದಾಗ ಪಕ್ಕದ ಮೇಜಿನವರು ಲೋಟ ಎತ್ತಿದ ಕೈಯನ್ನು ಹಾಗೆಯೇ ನಿಲ್ಲಿಸಿದ್ದರು. ಸರಿಯಾಗಿ ಆಗಲೇ ನನ್ನ ಮುಂದೆ ಸೂಪ್ ಬಂತು, ತಣ್ಣಗೆ, ಮೇಲೆ ಕೆನೆಗಟ್ಟಿಕೊಂಡು. ಮಾಣಿಗೆ ಹೇಳಿದ್ದು ಕೇಳಿಸಲಿಲ್ಲ. ಬೆರಳಿನಿಂದ ತೋರಿಸಿದೆ, ಆತ ಕಾಳುಮೆಣಸಿನ ಪುಡಿಯ ಡಬ್ಬಿ ತಂದಿಟ್ಟು ನಕ್ಕು ಹೋದ.

ಸಂಗೀತಕ್ಕೆಂದು ಬಾಗಿಲಲ್ಲೇ ಬೇರೆ ಹಣ ತೆಗೆದುಕೊಂಡ ಮೇಲೆ, ಬಿಲ್ಲಿನಲ್ಲಿ ಉಳಿದದ್ದು ಅಡುಗೆಯ ಬೆಲೆಯೇ ಅಲ್ಲವೇ?