ಶೇಂಗಾ ಟಿಆರ್‌ಪಿ

ಟಿವಿ ಕಾರ್ಯಕ್ರಮ ಚೆನ್ನಾಗಿದೆಯೋ ಇಲ್ಲವೋ ಅಂತ ಅಳೆಯೋಕೆ ಮುಂಬೈಯವರ ಹತ್ತಿರ ಮೀಟರ್ ಇದೆ. ಧಾರವಾಡದ ಕಾಮನಕಟ್ಟಿಯಲ್ಲಿ ನಮ್ಮ ಅತ್ತಿಯ ಹತ್ತಿರ ಶೇಂಗಾ ಬುಟ್ಟಿ ಇದೆ. ನನಗೆ ಬುಟ್ಟಿಯ ಮೇಲೇ ನಂಬಿಕೆ ಜಾಸ್ತಿ.

ಅತ್ತಿ ಕನ್ನಡ ಶಾಲೆ ಅಕ್ಕೋರಾಗಿ ರಿಟೈರ್ ಆದವರು. ವಯಸ್ಸು 68. ವರ್ಷಕ್ಕೊಮ್ಮೆ ಲಕ್ಷ್ಮೇಶ್ವರದ ಕಡೆಯ ಹೊಲದಿಂದ ಒಂದು ಚೀಲ ಶೇಂಗಾ ಬರುತ್ತದೆ. ರಾತ್ರಿ ಊಟ ಮುಗಿಸಿ ಬುಟ್ಟಿ ಮುಂದಿಟ್ಟುಕೊಂಡು ಕೂತರೆ ಕಣ್ಣು ಟಿವಿ ನೋಡುತ್ತದೆ, ಕೈ ತನ್ನ ಪಾಡಿಗೆ ಸುಲಿಯುತ್ತದೆ. ಕಾರ್ಯಕ್ರಮ ಹಿಡಿಸಿತೋ, ಕೈ ನಿಂತುಬಿಡುತ್ತದೆ. ಅರ್ಧ ಒಡೆದ ಕಾಯಿ ಹೆಬ್ಬೆರಳ ಕೆಳಗೇ ಇರುತ್ತದೆ, ಜಾಹೀರಾತು ಬರೋವರೆಗೂ ಅದಕ್ಕೆ ಬಿಡುಗಡೆ ಇಲ್ಲ. ಹಾಗಾಗಿ ಒಳ್ಳೆಯ ಎಪಿಸೋಡಿನ ದಿನ ಪಾವು ಕಾಳೂ ಆಗುವುದಿಲ್ಲ. ಬೇಜಾರಿನ ದಿನ ಸೇರು ತುಂಬುತ್ತದೆ.

ಸವಣೂರು ತಾಲ್ಲೂಕು ಚಿಲ್ಲೂರು ಬಡ್ನಿಯ ಹನುಮಂತ, ಬಿಗ್ ಬಾಸ್ ಕನ್ನಡದ 11ನೇ ಸೀಸನ್ನಿಗೆ ನಡುವೆ ಬಂದು 2025ರ ಜನವರಿಯಲ್ಲಿ ಗೆದ್ದರಲ್ಲ, ಆ ಸಲ ಚೀಲದ ಬಾಯಿ ಬಿಚ್ಚಿದ್ದು ಬಿಚ್ಚಿದ ಹಾಗೇ ಇತ್ತು. ಲುಂಗಿ ಉಟ್ಟ ಹುಡುಗ ಮನೆ ಮಾತಿನಲ್ಲಿ ಮಾತಾಡುತ್ತಿದ್ದರೆ ಶೇಂಗಾ ಯಾರಿಗೆ ಬೇಕು? ನಮಗೆ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಸಿಕ್ಕಿದ್ದು ಯುಗಾದಿ ಆದ ಮೇಲೆ.

ಈ ಸಲ ಅತ್ತಿ ಇನ್ನೊಂದು ರಿಯಾಲಿಟಿ ಶೋ ಹಿಡಿದರು. ಅದರ ಹೆಸರು ಹೇಳುವುದಿಲ್ಲ. ನೀವೇ ಒಂದು ಹೆಸರು ಹಾಕಿಕೊಳ್ಳಿ, ಯಾವುದು ಹಾಕಿದರೂ ಹೊಂದುತ್ತದೆ. ಮೊದಲ ದಿನ ಹದಿನಾರು ಜನ ಕುಣಿಯುತ್ತ ಒಳಗೆ ಬಂದರು.

"ಯಾರೋ ತಮ್ಮಾ ಇವ್ರೆಲ್ಲ?"

"ರೀಲ್ಸ್ ಮಾಡ್ತಾರ ಅತ್ತಿ."

"ಅದು ಸರಿ. ಹೊಟ್ಟಿಗೆ ಏನ್ ಮಾಡ್ತಾರ?"

ಎರಡನೇ ದಿನ ಒಬ್ಬ ಹುಡುಗಿ ಅಳುತ್ತ, "ಇಲ್ಲಿನ ಎನರ್ಜಿ ನಂಗೆ ಸೆಟ್ ಆಗ್ತಿಲ್ಲ" ಅಂದಳು. ಅತ್ತಿಗೆ ಪಾಪ ಅನ್ನಿಸಿತು. "ಹೆಸ್ಕಾಂಗೆ ಯಾರರ ಒಂದ್ ಫೋನ್ ಹಚ್ಚಬಾರದ?" ಅಂದರು. ಮೂರನೇ ದಿನದ ಹೊತ್ತಿಗೆ ವೈಬು, ಟ್ರಿಗರು, ಟಾಕ್ಸಿಕ್ಕು ಎಲ್ಲ ಬಂದು ಹೋದವು. ಕೊನೆಗೆ ನಾನೇ ಬಿಡಿಸಿ ಹೇಳಿದೆ. "ಇದನ್ನ ನಿನಗಂತ ಮಾಡಿಲ್ಲ ಅತ್ತಿ. ಜೆನ್ ಝೀಗೆ ಅಂತ ಮಾಡ್ಯಾರ."

"ಝೀದವರಿಗೆ ಅವರ್ದ ಬ್ಯಾರೆ ಚಾನೆಲ್ ಐತಲ್ಲೋ. ಇಲ್ಯಾಕ ಬರ್ತಾರ?"

ನಾನು ಸುಮ್ಮನಾದೆ. ಬುಟ್ಟಿ ನೋಡಿದೆ. ಮುಕ್ಕಾಲು ಸೇರು.

ಈಗ ಆ ಜೆನ್ ಝೀ, ಅಂದರೆ ಈಗಿನ ಹುಡುಗರ ಪೀಳಿಗೆ, ಎಲ್ಲಿದೆ ಅಂತ ಹೇಳುತ್ತೇನೆ. ಚಿಗರಿ ಬಸ್ಸಿನಲ್ಲಿದೆ. ಅತ್ತಿಯ ಮೊಮ್ಮಗ ದಿನಾ ಅದರಲ್ಲೇ ಹುಬ್ಬಳ್ಳಿಯ ಕಾಲೇಜಿಗೆ ಹೋಗುತ್ತಾನೆ. ನವನಗರದಲ್ಲಿ ಫೋನ್ ತೆಗೆದರೆ ಉಣಕಲ್ ಬರೋದರೊಳಗೆ ಹಿಂದಿನ ರಾತ್ರಿಯ ಒಂದೂವರೆ ತಾಸಿನ ಎಪಿಸೋಡ್ ಮುಗಿದಿರುತ್ತದೆ. ಒಂದು ಜಗಳ, ಒಂದು ಅಳು, ಒಂದು ಹಾಡು. ಅದರಲ್ಲಿ ಜಗಳವನ್ನು ಎರಡು ಸಲ ನೋಡುತ್ತಾನೆ. ಜಾಹೀರಾತು ಒಂದೂ ನೋಡುವುದಿಲ್ಲ. ಟಿವಿ ರಿಮೋಟ್ ಮುಟ್ಟಿ ಎಷ್ಟು ದಿನವಾಯಿತೋ ಅವನಿಗೇ ನೆನಪಿಲ್ಲ.

ಮಜಾ ಇರುವುದು ಇಲ್ಲೇ ನೋಡಿ. ಟಿಆರ್‌ಪಿ ಲೆಕ್ಕ ಇಡುವ ಬಾರ್ಕ್‌ನ ಮೀಟರ್ ಕೂರುವುದು ಟಿವಿಗೆ. ಮೀಟರ್ ಇರುವ ಮನೆಯಲ್ಲಿ ಒಬ್ಬೊಬ್ಬರಿಗೂ ಒಂದೊಂದು ಗುಂಡಿ. ಟಿವಿ ಮುಂದೆ ಕೂತವರು ತಮ್ಮ ತಮ್ಮ ಗುಂಡಿ ಒತ್ತಬೇಕು. 2025ರ ಲೆಕ್ಕದ ಪ್ರಕಾರ ದೇಶದಲ್ಲಿ ಟಿವಿ ಇರುವ ಮನೆ ಸುಮಾರು 23 ಕೋಟಿ, ಮೀಟರ್ ಸುಮಾರು 58 ಸಾವಿರ. ಇರಲಿ, ಅನ್ನ ಬೆಂದಿದೆಯಾ ಅಂತ ನೋಡೋಕೆ ಒಂದು ಅಗುಳು ಸಾಕು ಅಂತಾರಲ್ಲ. ಆದರೆ ಬಸ್ಸಿನಲ್ಲಿ ಫೋನ್ ನೋಡುವವನು ಈ ಟಿಆರ್‌ಪಿ ಲೆಕ್ಕಕ್ಕೇ ಬರುವುದಿಲ್ಲ. ಅಂದರೆ ಚಾನೆಲ್‌ನವರು ಯಾರಿಗಾಗಿ ವೇಷ ಬದಲಿಸಿದರೋ ಅವನ ಗುಂಡಿ ಒತ್ತುವವರೇ ಇಲ್ಲ. ಗುಂಡಿ ಒತ್ತಲು ಮನೆಯಲ್ಲಿ ಕೂತಾಕೆಗೆ, "ಇದು ನಿಮಗಲ್ಲ ಬಿಡಿ" ಅಂದಾಗಿದೆ. ಮದುವೆ ಮನೆಯಲ್ಲಿ ಪಂಕ್ತಿಗೆ ಕೂತವರನ್ನು ಎಬ್ಬಿಸಿ, ಊರ ಅಗಸಿ ಬಾಗಿಲಲ್ಲಿ ನಿಂತು ದಾರಿಹೋಕರನ್ನು ಊಟಕ್ಕೆ ಕರೆದ ಹಾಗೆ.

ಕೇಬಲ್ ದುಡ್ಡು ಹೋಗುವುದು ಅತ್ತಿಯ ಪೆನ್ಷನ್‌ನಿಂದ, ಅದನ್ನೂ ಹೇಳಿಬಿಡುತ್ತೇನೆ.

ಚಾನೆಲ್‌ನವರು ಹೊಸಬರ ಬೆನ್ನು ಹತ್ತಿದ್ದು ಇನ್ನೂ ಗೊತ್ತಾಗದೇ ಇರುವುದು ಜಾಹೀರಾತಿನವರಿಗೆ ಮಾತ್ರ. ಅಥವಾ ಅವರೊಬ್ಬರೇ ಬುದ್ಧಿವಂತರೋ ಏನೋ. ಶೋದಲ್ಲಿ ಬಣ್ಣದ ಕೂದಲಿನ ಹುಡುಗ "ಬ್ರೋ, ಕಾಮ್ ಡೌನ್" ಅನ್ನುತ್ತಾನೆ. ಮುಂದಿನ ಕ್ಷಣಕ್ಕೆ ಮೊಣಕಾಲು ನೋವಿನ ಎಣ್ಣೆ ಬರುತ್ತದೆ. ಆಮೇಲೆ ಗ್ಯಾಸಿನ ಗುಳಿಗೆ, ಸಕ್ಕರೆ ಕಾಯಿಲೆಯ ಪುಡಿ. ಟಿವಿ ಮುಂದೆ ಯಾರು ಕೂತಿದ್ದಾರೆ ಅಂತ ಎಣ್ಣೆ ಮಾರುವವನಿಗೆ ಸರಿಯಾಗಿ ಗೊತ್ತಿದೆ.

ಅತ್ತಿ ಅಷ್ಟು ಬೇಗ ಸೋಲುವ ಪೈಕಿ ಅಲ್ಲ. ಆ ಹದಿನಾರು ಜನರಲ್ಲಿ ಒಬ್ಬ ಗದಗಿನ ಕಡೆಯ ಹುಡುಗ ಇದ್ದ, ಬೆಳಿಗ್ಗೆ ಎದ್ದು ಎಲ್ಲರ ಪಾತ್ರೆ ತೊಳೆಯುತ್ತಿದ್ದ. ಅವನಿಗೆ ವೋಟ್ ಹಾಕಬೇಕು ಅಂತ ಹಟ ಹಿಡಿದರು. ಹಿಂದೆ ಇಂಥ ಶೋಗಳಿಗೆ ಒಂದು ಎಸ್ಸೆಮ್ಮೆಸ್ ಕಳಿಸಿದರೆ ಆಗುತ್ತಿತ್ತು. ಈಗ ಆ್ಯಪ್ ಬೇಕು, ಲಾಗಿನ್ ಬೇಕು, ಓಟಿಪಿ ಬೇಕು. ಮೊಮ್ಮಗನ ಹಳೇ ಫೋನಿನಲ್ಲಿ ಓಟಿಪಿ ಬಂತು. ಕನ್ನಡಕ ಹುಡುಕಿ ತರುವಷ್ಟರಲ್ಲಿ ಹೊತ್ತು ಮೀರಿತ್ತು. ಎಷ್ಟೋ ಚುನಾವಣೆಗಳಲ್ಲಿ ಡ್ಯೂಟಿ ಮಾಡಿ ಊರ ಮಂದಿಯ ಬೆರಳಿಗೆ ಶಾಯಿ ಹಚ್ಚಿದಾಕೆ, ಬೆರಳು ಗಾಳಿಯಲ್ಲೇ ಇಟ್ಟುಕೊಂಡು ಕೂತರು. ಗದಗಿನ ಹುಡುಗ ಶನಿವಾರ ಹೊರಗೆ ಬಂದ. ಅವನಲ್ಲಿ "ಕಂಟೆಂಟ್ ಕಮ್ಮಿ" ಇತ್ತಂತೆ.

"ಅಷ್ಟು ಭಾಂಡೆ ತಿಕ್ಯಾನ, ಕಮ್ಮಿ ಹೆಂಗ ಆಗ್ತದೋ?" ಅತ್ತಿ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ರಾತ್ರಿ ಸೇರು ತುಂಬಿ ಚೆಲ್ಲಿತು.

ನೋಡುವುದನ್ನು ಬಿಟ್ಟರಾ ಅಂದರೆ ಇಲ್ಲ. ರೂಢಿ ಅಲ್ವಾ. ಆದರೆ ಈಗ ಸೌಂಡ್ ತೆಗೆದು, ಆಕಾಶವಾಣಿ ಧಾರವಾಡ ಹಚ್ಚಿ, ಚಿತ್ರ ಮಾತ್ರ ನೋಡುತ್ತಾರೆ. ಯಾರೋ ಹಳಬರ ಆಲಾಪಕ್ಕೆ ಆ ಮಕ್ಕಳು ಬಾಯಿ ತೆರೆದು ಜಗಳ ಆಡುತ್ತಿರುತ್ತಾರೆ. ನಿಜ ಹೇಳಬೇಕೆಂದರೆ ಹಾಗೇ ಚೆನ್ನಾಗಿದೆ.

ಮೊನ್ನೆ ರಾತ್ರಿ ಹತ್ತೂವರೆಗೆ ಫೋನ್ ಬಂತು. ಗಾಬರಿಯಾಗಿ ಎತ್ತಿದೆ.

"ಲಕ್ಷ್ಮೇಶ್ವರಕ್ಕ ಹೇಳೋ ತಮ್ಮಾ, ಇನ್ನೊಂದ್ ಚೀಲ ಶೇಂಗಾ ಕಳಸ್ಲಿ."

"ಒಂದು ಚೀಲ ಪೂರಾ ಮುಗೀತಾ ಅತ್ತಿ?"

"ಮುಗೀತು. ಇವ್ರದು ಇನ್ನೂ ಐದ್ ವಾರ ಐತಂತ."