ಡೆನ್ಮಾರ್ಕ್ ನೋಡಿ ಕಲೀಬೇಕು ಅನ್ನುವ ಗೆಳೆಯರಿಗೆ

ಬ್ರಿಟನ್ನಿನ ಗೃಹ ಸಚಿವೆ ಶಬಾನಾ ಮಹಮೂದ್ 2025ರ ನವೆಂಬರ್‌ನಲ್ಲಿ ಡೆನ್ಮಾರ್ಕಿನ ದಾರಿಯಲ್ಲೇ ನಿರಾಶ್ರಿತರ ನೀತಿ ಬಿಗಿ ಮಾಡುತ್ತೇವೆ ಎಂದು ಘೋಷಿಸಿದ್ದೇ ತಡ, ನನ್ನ ವಾಟ್ಸಾಪ್ ತುಂಬ ಡೆನ್ಮಾರ್ಕಿನ ಗುಣಗಾನ. "60 ಲಕ್ಷ ಜನರ ಪುಟ್ಟ ದೇಶ, ಆದ್ರೂ ಎಂಥ ಗಟ್ಟಿತನ ನೋಡು ಮಾರಾಯ" ಅಂತ ಊರಿನ ಗೆಳೆಯರು. ಕೋಪನ್‌ಹೇಗನ್‌ನಲ್ಲಿ ಸಂಸಾರ ಹೂಡಿಕೊಂಡಿರುವ ನನಗೆ ಓದಿ ನಗುವೂ ಬಂತು, ಸಿಟ್ಟೂ ಬಂತು. ಇಲ್ಲಿನ ಸರಕಾರಿ ಲೆಕ್ಕದಲ್ಲಿ ನಾವೆಲ್ಲ 'ಪಾಶ್ಚಾತ್ಯರಲ್ಲದವರು'. ಸಿರಿಯಾದವನೂ ಅದೇ ಖಾನೆ, ಶಿರಸಿಯವನೂ ಅದೇ ಖಾನೆ.

ಇಲ್ಲಿನವರ ಆತಂಕ ಸುಮ್ನೆ ಹುಟ್ಟಿದ್ದಲ್ಲ, ಅದನ್ನು ಒಪ್ಪುತ್ತೇನೆ. ಸಂಬಳದ ಮೂರನೇ ಒಂದು ಪಾಲಿಗಿಂತ ಜಾಸ್ತಿ ತೆರಿಗೆಗೆ ಹೋಗುತ್ತೆ. ಅದರಲ್ಲೇ ಆಸ್ಪತ್ರೆ, ಶಾಲೆ, ಕಾಲೇಜು ಎಲ್ಲ ನಡೆಯುತ್ತೆ. ಕಾಲೇಜಿಗೆ ಹೋಗುವ ಮಕ್ಕಳಿಗೆ ತಿಂಗಳು ತಿಂಗಳು ಸರಕಾರವೇ ದುಡ್ಡು ಕೊಡುತ್ತೆ. ನಾನು ಕಟ್ಟಿದ ಹಾಗೆ ಪಕ್ಕದ ಮನೆಯವನೂ ಕಟ್ಟುತ್ತಾನೆ ಅನ್ನುವ ನಂಬಿಕೆ ಹೋದರೆ ಇದು ಒಂದು ದಿನವೂ ನಿಲ್ಲಲ್ಲ. 1960ರ ದಶಕದಿಂದ ಟರ್ಕಿ, ಯುಗೊಸ್ಲಾವಿಯ, ಪಾಕಿಸ್ತಾನದಿಂದ ಕಾರ್ಖಾನೆ ಕೆಲಸಕ್ಕೆ ಜನ ಬಂದರು. 1973ರಲ್ಲಿ ಬಾಗಿಲು ಹಾಕಿದರು, ಬಂದವರಲ್ಲಿ ತುಂಬ ಮಂದಿ ಉಳಿದುಕೊಂಡರು. 1983ರಲ್ಲಿ ಇದೇ ಡೆನ್ಮಾರ್ಕ್ ಯುರೋಪಿನಲ್ಲೇ ತುಂಬ ಉದಾರ ಅನ್ನಿಸಿಕೊಂಡ ವಿದೇಶಿಯರ ಕಾನೂನು ಮಾಡಿತ್ತು! 2015ರ ಸೆಪ್ಟೆಂಬರ್‌ನಲ್ಲಿ ಹೆದ್ದಾರಿಯ ಮೇಲೆ ಮಕ್ಕಳನ್ನು ಹೊತ್ತುಕೊಂಡು ಸ್ವೀಡನ್ ಕಡೆ ನಡೆದು ಹೊರಟ ಸಾಲುಗಳನ್ನು ಇಡೀ ದೇಶ ಟೀವಿಯಲ್ಲಿ ನೋಡಿತು. ಆ ವರ್ಷ ಆಶ್ರಯ ಕೇಳಿದವರು 21 ಸಾವಿರ ದಾಟಿದರು. ಇಷ್ಟು ಚಿಕ್ಕ ದೇಶಕ್ಕೆ ದಿಗಿಲಾಗಿದ್ದು ಸಹಜ.

ಆದರೆ ರಾಜಕೀಯದ ಕಥೆಯನ್ನು ನಮ್ಮವರು ಅರ್ಧ ಮಾತ್ರ ಹೇಳುತ್ತಾರೆ. ವಲಸೆ ವಿರೋಧವನ್ನೇ ಬಂಡವಾಳ ಮಾಡಿಕೊಂಡ ಡ್ಯಾನಿಶ್ ಪೀಪಲ್ಸ್ ಪಾರ್ಟಿ ಹುಟ್ಟಿದ್ದು 1995ರಲ್ಲಿ. 1999ರಲ್ಲಿ ಪ್ರಧಾನಿ ಪೌಲ್ ನ್ಯೂರುಪ್ ರಾಸ್ಮುಸೆನ್ ಸಂಸತ್ತಿನಲ್ಲೇ ಅವರತ್ತ ತಿರುಗಿ, ನೀವು ಯಾವತ್ತೂ ಮನೆಯೊಳಗೆ ಬಿಟ್ಟುಕೊಳ್ಳುವಷ್ಟು ಪಳಗುವುದಿಲ್ಲ ಎಂದರು. ನಾಯಿಗೆ ಹೇಳುವ ಮಾತು ಅದು. ಎರಡೇ ವರ್ಷ, ಹೊಸ ಸರಕಾರ ಅವರ ಬೆಂಬಲದ ಮೇಲೆ ನಿಂತಿತ್ತು. 2002ರಲ್ಲಿ 24 ವರ್ಷದ ನಿಯಮ ಬಂತು. ಗಂಡ ಹೆಂಡತಿ ಇಬ್ಬರಿಗೂ 24 ತುಂಬದೆ ವಿದೇಶಿ ಸಂಗಾತಿಯನ್ನು ಕರೆತರುವ ಹಾಗಿಲ್ಲ. ಹೊರಗಿನವರಿಗೆ ಅಂತ ಮಾಡಿದ್ದು ಒಳಗಿನವರಿಗೂ ತಗುಲಿತು. ಎಷ್ಟೋ ಡ್ಯಾನಿಶ್ ಹುಡುಗ ಹುಡುಗಿಯರು ವಿದೇಶಿ ಸಂಗಾತಿಯ ಜೊತೆ ಸ್ವೀಡನ್ನಿನ ಮಾಲ್ಮೋದಲ್ಲಿ ಮನೆ ಮಾಡಿ, ದಿನಾ ಸೇತುವೆ ದಾಟಿ ಇಲ್ಲಿಗೆ ಕೆಲಸಕ್ಕೆ ಬಂದರು. 2017ರಲ್ಲಂತೂ ವಲಸೆ ಸಚಿವೆ ಇಂಗರ್ ಸ್ಟಾಯ್‌ಬರ್ಗ್ 50ನೇ ಬಿಗಿ ನಿಯಮ ತಂದ ಖುಷಿಗೆ '50' ಅಂತ ಬರೆದ ಕೇಕ್ ಹಿಡಿದು ಫೇಸ್‌ಬುಕ್‌ನಲ್ಲಿ ಫೋಟೊ ಹಾಕಿದರು.

2019ರಲ್ಲಿ ಸೋಶಿಯಲ್ ಡೆಮಾಕ್ರಾಟ್ ಪಕ್ಷದ ಮೆಟ್ಟೆ ಫ್ರೆಡರಿಕ್ಸನ್ ಗೆದ್ದು ಪ್ರಧಾನಿಯಾಗಿದ್ದು ಇದೇ ಬಿಗಿ ನೀತಿಯನ್ನು ತಮ್ಮ ಎಡಪಕ್ಷದ ಮೈಗೆ ಹೊಲಿದುಕೊಂಡು. 37 ಸೀಟಿದ್ದ ಪೀಪಲ್ಸ್ ಪಾರ್ಟಿ 16ಕ್ಕೆ ಇಳಿಯಿತು, 2022ರಲ್ಲಿ 5ಕ್ಕೆ. "ನೋಡಿ, ಬಲಪಂಥವನ್ನೇ ಮುಗಿಸಿಬಿಟ್ಟರು!" ಎಂದು ಬರೆಯುವವರು ಇಲ್ಲಿಗೆ ನಿಲ್ಲಿಸುತ್ತಾರೆ. ಕೇಕ್ ಹಿಡಿದ ಅದೇ ಸ್ಟಾಯ್‌ಬರ್ಗ್, ಆಶ್ರಯ ಕೋರಿದ ದಂಪತಿಗಳನ್ನು ಕಾನೂನು ಮೀರಿ ಬೇರೆ ಮಾಡಿದ್ದಕ್ಕೆ 2021ರಲ್ಲಿ 60 ದಿನದ ಶಿಕ್ಷೆಗೆ ಒಳಗಾದರು. ಆಮೇಲೆ ಸ್ವಂತ ಪಕ್ಷ ಕಟ್ಟಿ 2022ರಲ್ಲಿ 14 ಸೀಟು ಗೆದ್ದರು. ವೋಟು ಎಲ್ಲೂ ಹೋಗಿಲ್ಲ, ಮನೆ ಬದಲಾಯಿಸಿದೆ ಅಷ್ಟೆ. ಈಗ ಸಂಸತ್ತಿನಲ್ಲಿ ದೊಡ್ಡ ಪಕ್ಷಗಳ ನಡುವೆ ಜಗಳ ಇರುವುದು ಇನ್ನೆಷ್ಟು ಬಿಗಿ ಮಾಡಬೇಕು ಅನ್ನುವುದರ ಮೇಲೆ. ಸಾಕು ಅನ್ನುವವರ ದನಿ ಮೂಲೆಯಲ್ಲಿದೆ.

ನನ್ನ ತಕರಾರು ಬಿಗಿ ನಿಯಮದ ಮೇಲಲ್ಲ. ಭಾಷೆ ಕಲಿ ಅಂತಾರೆ, ಸರಿ. ದುಡಿ ಅಂತಾರೆ, ಸರಿಯೇ. ನಾವೂ ಬೆಂಗಳೂರಿಗೆ ಬಂದವರಿಗೆ ಕನ್ನಡ ಕಲಿಯಿರಿ ಅನ್ನಲ್ವಾ? ತಕರಾರು ಇರುವುದು 2019ರಲ್ಲಿ ಬಂದ ಬದಲಾವಣೆಯ ಮೇಲೆ. ನಿರಾಶ್ರಿತರ ವಾಸ ತಾತ್ಕಾಲಿಕ, ಊರು ಶಾಂತವಾದ ಕೂಡಲೇ ಕಳಿಸುವುದೇ ಗುರಿ ಅಂತ ಕಾನೂನೇ ಆಯಿತು. ಸಿರಿಯಾದ ರಾಜಧಾನಿ ಡಮಾಸ್ಕಸ್ ಸುತ್ತಮುತ್ತ ಈಗ ಪರವಾಗಿಲ್ಲ ಅಂತ ಅಧಿಕಾರಿಗಳು ತೀರ್ಮಾನಿಸಿ ಅಲ್ಲಿಂದ ಬಂದವರ ವಾಸದ ಪರವಾನಗಿ ತೆಗೆಯತೊಡಗಿದರು.

ಇಲ್ಲಿ ಪಿಯುಸಿಯಂಥ ಪರೀಕ್ಷೆ ಮುಗಿಸಿದ ಮಕ್ಕಳಿಗೆ ಜೂನ್ ತಿಂಗಳೇ ಒಂದು ಹಬ್ಬ. ತಲೆಗೆ ಬಿಳಿ ಟೋಪಿ, ಅದಕ್ಕೆ ಬಣ್ಣದ ಪಟ್ಟಿ. ಸೊಪ್ಪು ಕಟ್ಟಿ, ಬ್ಯಾನರ್ ಇಳಿಬಿಟ್ಟ ಲಾರಿ ಹತ್ತಿ, ಕಿವಿ ಕಿತ್ತುಹೋಗುವಂತೆ ಹಾಡು ಹಾಕಿಕೊಂಡು ಕ್ಲಾಸಿನ ಒಬ್ಬೊಬ್ಬರ ಮನೆ ಮುಂದೆಯೂ ನಿಲ್ಲುತ್ತಾರೆ. ಅಪ್ಪ ಅಮ್ಮ ತಿಂಡಿ, ಬಿಯರ್ ಇಟ್ಟುಕೊಂಡು ಕಾಯುತ್ತಿರುತ್ತಾರೆ. 2021ರಲ್ಲಿ ಪರವಾನಗಿ ಹೋಯಿತೆಂಬ ಕಾಗದ ಬಂದವರಲ್ಲಿ ಆ ಟೋಪಿ ಹಾಕಬೇಕಾಗಿದ್ದ ಸಿರಿಯಾದ ಹುಡುಗಿಯರೂ ಇದ್ದರು. ಬಲವಂತವಾಗಿ ವಾಪಸ್ ಕಳಿಸೋಣ ಅಂದರೆ ಸಿರಿಯಾದ ಆಗಿನ ಅಸ್ಸಾದ್ ಸರಕಾರದ ಜೊತೆ ಡೆನ್ಮಾರ್ಕಿಗೆ ವ್ಯವಹಾರವೇ ಇರಲಿಲ್ಲ. ಹಾಗಾಗಿ ಹೋಗಲು ಒಪ್ಪದವರಿಗೆ ಉಳಿದಿದ್ದು ದೇಶ ಬಿಡಬೇಕಾದವರನ್ನು ಇಡುವ ನಿರ್ಗಮನ ಕೇಂದ್ರ, ಅಲ್ಲಿದ್ದುಕೊಂಡು ಕೆಲಸ ಮಾಡುವ ಹಾಗಿಲ್ಲ. ಕೆಲವರಿಗೆ ಮೇಲ್ಮನವಿಯಲ್ಲಿ ಪರವಾನಗಿ ಮತ್ತೆ ಸಿಕ್ಕಿತು. ಆದರೂ ಕೇಳುತ್ತೇನೆ, ನಮ್ಮ ಹಾಗೆ ಆಗು ಅಂತ ಒಂದು ಬಾಯಲ್ಲಿ, ಗಂಟುಮೂಟೆ ಬಿಚ್ಚಬೇಡ ಅಂತ ಇನ್ನೊಂದು ಬಾಯಲ್ಲಿ ಹೇಳಿದರೆ ಯಾವ ಹುಡುಗಿ ಯಾಕೆ ಡ್ಯಾನಿಶ್ ಕಲಿಯಬೇಕು?

ಮನಸ್ಸಿದ್ದರೆ ಬೇರೆ ಥರವೂ ಮಾಡಬಲ್ಲರು. 2022ರಲ್ಲಿ ಉಕ್ರೇನಿನಿಂದ 30 ಸಾವಿರಕ್ಕೂ ಹೆಚ್ಚು ಜನ ಬಂದಾಗ ಕೆಲವೇ ವಾರದಲ್ಲಿ ವಿಶೇಷ ಕಾನೂನು ಆಯಿತು. ಬಂದವರು ಬೇಗನೆ ಕೆಲಸಕ್ಕೆ ಸೇರಿದರು, ಮಕ್ಕಳು ಶಾಲೆಗೆ ಹೋದವು. ಆಶ್ರಯ ಕೋರುವವರ ಹತ್ತಿರ 10 ಸಾವಿರ ಕ್ರೋನರ್ ಮೀರಿದ ಬೆಲೆಬಾಳುವ ವಸ್ತು ಇದ್ದರೆ ತೆಗೆದುಕೊಳ್ಳಬಹುದು ಅನ್ನುವ 2016ರ ಕಾನೂನು ಅವರಿಗೆ ಅನ್ವಯವಾಗಲಿಲ್ಲ.

ಇನ್ನು ನಾವು ಭಾರತೀಯರು. ಮಗನನ್ನು ಡೇಕೇರ್‌ಗೆ ಸೇರಿಸುವಾಗ ಅಲ್ಲಿನ ಹೆಂಗಸು ಫಾರಂ ಮೇಲೆ ಪೆನ್ನು ಊರಿ, "ಹಂದಿ ಮಾತ್ರ ಬೇಡವಾ, ಮಾಂಸವೇ ಬೇಡವಾ?" ಎಂದು ಕೇಳಿದರು. ಮಾಂಸವೇ ಬೇಡ ಅಂದೆ. ಮುಖ ಅರಳಿತು, "ಓ, ಸಸ್ಯಾಹಾರಿ!" ಅಂದರು. ಹಂದಿ ಮಾತ್ರ ಬೇಡ ಅಂದಿದ್ದರೆ ಅದು ರಾಜಕೀಯ. ಉತ್ಪ್ರೇಕ್ಷೆ ಅನ್ನಬೇಡಿ, ಸರಕಾರಿ ಶಿಶುವಿಹಾರಗಳಲ್ಲಿ ಹಂದಿಮಾಂಸ ಇರಲೇಬೇಕು ಅಂತ ರಾಂಡರ್ಸ್ ನಗರಸಭೆ 2016ರಲ್ಲಿ ಮತ ಹಾಕಿ ತೀರ್ಮಾನಿಸಿದೆ.

2020ರಲ್ಲಿ ವಲಸೆ ಸಚಿವ ಮತ್ತಿಯಾಸ್ ಟೆಸ್ಫಾಯೆ (ಇವರ ತಂದೆ ಇಥಿಯೋಪಿಯಾದಿಂದ ಬಂದ ನಿರಾಶ್ರಿತ) ಹೊಸ ಲೆಕ್ಕದ ಖಾನೆಯೊಂದನ್ನು ತಂದರು. ಮಧ್ಯಪ್ರಾಚ್ಯ, ಉತ್ತರ ಆಫ್ರಿಕ, ಪಾಕಿಸ್ತಾನ, ಟರ್ಕಿ ಇವು ಒಂದು ಗುಂಪು. ಭಾರತ ಅದರಲ್ಲಿಲ್ಲ. ನಮ್ಮವರ ಮಾತುಕತೆಯಲ್ಲಿ "ಸದ್ಯ, ನಾವು ಬಚಾವ್" ಅನ್ನುವ ನಿಟ್ಟುಸಿರು ನಾನೇ ಕೇಳಿದ್ದೇನೆ. ಖಾನೆ ಬರೆದವರು ನಾಳೆ ಅಳಿಸಿ ಬರೆಯಬಹುದು ಅನ್ನುವುದು ಯಾರಿಗೂ ಹೊಳೆದಂತಿರಲಿಲ್ಲ.

'ನಾವು ಅನಾದಿಯಿಂದ ಒಂದೇ ಜನ' ಅಂತ ಇಲ್ಲಿನವರು ಅನ್ನುವುದೂ ಅಷ್ಟು ಹಳೆಯ ಮಾತಲ್ಲ. ಜರ್ಮನ್ ಮಾತಾಡುವ ಹೋಲ್‌ಸ್ಟೈನ್ ಸೀಮೆ 1864ರ ಯುದ್ಧದಲ್ಲಿ ಕೈತಪ್ಪುವವರೆಗೂ ಡೆನ್ಮಾರ್ಕಿನ ದೊರೆಗಳದೇ ಕೈಯಲ್ಲಿತ್ತು. ಕೋಪನ್‌ಹೇಗನ್ನಿನ ಈಗಿನ ವಿಮಾನ ನಿಲ್ದಾಣದ ಮಗ್ಗುಲಲ್ಲಿರುವ ಊರಿನಲ್ಲಿ ತರಕಾರಿ ಬೆಳೆಯಲು 1521ರಲ್ಲಿ ಡಚ್ ರೈತರನ್ನು ಕರೆಸಿದ್ದು ರಾಜನೇ. ಅವರ ಮಕ್ಕಳು ಮೊಮ್ಮಕ್ಕಳು ತಲೆಮಾರುಗಟ್ಟಲೆ ತಮ್ಮದೇ ಭಾಷೆ, ಉಡುಗೆ ಇಟ್ಟುಕೊಂಡೇ ಬಾಳಿದರು. ಅವರಿಗೆ ಯಾರೂ 45 ಪ್ರಶ್ನೆಯ ಪೌರತ್ವ ಪರೀಕ್ಷೆ ಇಡಲಿಲ್ಲ.

ಆ ಪರೀಕ್ಷೆ ನಮಗಿದೆ. 36 ಸರಿ ಇರಬೇಕು. 'ಡ್ಯಾನಿಶ್ ಮೌಲ್ಯ'ದ ಐದು ಪ್ರಶ್ನೆಯಲ್ಲಿ ನಾಲ್ಕು ಸರಿ ಇರಲೇಬೇಕು. ಆಮೇಲೆ ನಮ್ಮ ಹೆಸರು ಮಸೂದೆಯಲ್ಲಿ ಸೇರಿ ಸಂಸತ್ತಿನಲ್ಲಿ ಪಾಸಾಗಬೇಕು. ಕೊನೆಗೆ ಸಮಾರಂಭದಲ್ಲಿ ಗ್ಲೌಸ್ ಇಲ್ಲದೆ ಕೈಕುಲುಕಬೇಕು. 2019ರಲ್ಲಿ ಶುರುವಾದ ನಿಯಮ. ಮರುವರ್ಷವೇ ಕೊರೊನಾ ಬಂದು ಕೈ ಮುಟ್ಟಬೇಡಿ ಅಂತ ಸರಕಾರವೇ ಸಾರಿತು, ಸಮಾರಂಭಗಳು ಮುಂದಕ್ಕೆ ಹೋದವು. ನಮ್ಮವರಲ್ಲಿ ಎಷ್ಟೋ ಜನ ಇಷ್ಟು ದೂರ ಹೋಗುವುದೇ ಇಲ್ಲ. ಡೆನ್ಮಾರ್ಕ್ ಎರಡು ಪೌರತ್ವ ಒಪ್ಪುತ್ತೆ, ಭಾರತ ಒಪ್ಪಲ್ಲ. ಪಿಆರ್ (ಕಾಯಂ ವಾಸದ ಪರವಾನಗಿ) ಇಟ್ಟುಕೊಂಡು ಇದ್ದುಬಿಡುತ್ತಾರೆ.

ಪೌರತ್ವ ಇಲ್ಲದಿದ್ದರೂ ಕೆಲವು ವರ್ಷ ಇಲ್ಲಿದ್ದವರಿಗೆ ನಗರಸಭೆ ಚುನಾವಣೆಯಲ್ಲಿ ವೋಟು ಇದೆ, 1981ರಿಂದಲೂ. ನಾನೂ ಹಾಕಿದ್ದೇನೆ. 2025ರ ನವೆಂಬರ್‌ನಲ್ಲಿ ನೂರಕ್ಕೂ ಜಾಸ್ತಿ ವರ್ಷದಿಂದ ಹಿಡಿದಿಟ್ಟುಕೊಂಡಿದ್ದ ಕೋಪನ್‌ಹೇಗನ್ ಫ್ರೆಡರಿಕ್ಸನ್ ಅವರ ಪಕ್ಷದ ಕೈಬಿಟ್ಟಿತು. ಮನೆ ಬಾಡಿಗೆಯ ಸಿಟ್ಟೂ ಅದರಲ್ಲಿತ್ತು. ಆದರೆ ಬಲಪಂಥದ ವೋಟು ತರಲು ಹೋಗಿ ತಮ್ಮದೇ ನಗರದ ವೋಟು ಕಳೆದುಕೊಂಡರು ಅಂತಲೇ ನನ್ನ ಲೆಕ್ಕ. 'ಡೆನ್ಮಾರ್ಕ್ ಮಾದರಿ' ಫಾರ್ವರ್ಡ್ ಮಾಡಿದ ಯಾರೂ ಈ ಸುದ್ದಿ ಫಾರ್ವರ್ಡ್ ಮಾಡಲಿಲ್ಲ, ಎರಡೂ ಅದೇ ತಿಂಗಳಲ್ಲಿ ಆಗಿದ್ದರೂ.

"ಅಷ್ಟು ಕಷ್ಟ ಇದ್ರೆ ವಾಪಸ್ ಬಾ" ಅಂತ ಕಮೆಂಟ್ ಹಾಕುವವರಿಗೆ ಮೊದಲೇ ಹೇಳಿಬಿಡುತ್ತೇನೆ: ಬೇಸಿಗೆ ರಜೆಗೆ ಟಿಕೆಟ್ ಆಗಿದೆ. ಅಮ್ಮ ಹಲಸಿನ ಹಪ್ಪಳ ಒಣಗಿಸಿ ಇಟ್ಟಿದ್ದಾರಂತೆ.